ವಿಡಿಯೋ ಗೇಮ್ ಚಟ: ಗಾಬರಿಯಿಂದ ಅರಿವಿನೆಡೆಗೆ

ಕೆಲವು ವರ್ಷಗಳ ಹಿಂದೆ ಮದ್ರಸದಲ್ಲಿ ಹೆತ್ತವರ ಸಭೆ ಮುಗಿದ ಬಳಿಕ ಓರ್ವ ತಾಯಿ ಬಾಗಿಲ ಬಳಿ ನಿಂತು, "ಉಸ್ತಾದರೇ, ಮಗನಿಗೆ ಮೊಬೈಲ್ ಗೇಮಿನ ಚಟ ಹತ್ತಿದೆ. ಏನು ಮಾಡಲಿ?" ಎಂದು ಕೇಳಿದರು. "ಮೊಬೈಲ್ ಕಸಿದುಕೊಳ್ಳಿ" ಎಂದು ನಾವು ಕ್ಷಣವೂ ಯೋಚಿಸದೆ ಉತ್ತರಿಸಿದೆವು. ಆಕೆ ತುಸು ಹೊತ್ತು ಸುಮ್ಮನಿದ್ದು, "ದಿನಕ್ಕೆ ಎಷ್ಟು ಗಂಟೆ ಆಡಿದರೆ ಅದು ಚಟವಾಗುತ್ತದೆ?" ಎಂದು ಮತ್ತೆ ಕೇಳಿದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅರಿವಿಲ್ಲದ ವಿಷಯದಲ್ಲಿ ತೀರ್ಪು ಕೊಟ್ಟುಬಿಟ್ಟಿದ್ದೇವೆ ಎಂಬ ಅಳುಕು ಅಂದು ನಮ್ಮನ್ನು ಕಾಡಿತು.

ಉತ್ತರ ಹುಡುಕುತ್ತಾ ಹೋದಾಗ ತಿಳಿದದ್ದೇನೆಂದರೆ, ಇದೇ ಪ್ರಶ್ನೆಯನ್ನು ಜಗತ್ತಿನ ವೈದ್ಯರು, ಮನಃಶಾಸ್ತ್ರಜ್ಞರು ಮತ್ತು ಸರಕಾರಗಳು ನಾಲ್ಕು ದಶಕಗಳಿಂದ ಕೇಳುತ್ತಾ ಬಂದಿದ್ದಾರೆ. ನಮ್ಮ ಹಾಗೆ ಅವರೂ ಮೊದಲು ತೀರ್ಪು ಕೊಟ್ಟು ಆಮೇಲೆ ವಿಚಾರಣೆ ನಡೆಸಿದ್ದಾರೆ; ಎಡವಿದ್ದಾರೆ, ತಿದ್ದಿಕೊಂಡಿದ್ದಾರೆ. ಆ ಇತಿಹಾಸವನ್ನು ಅರಿತುಕೊಳ್ಳುವುದು ಮಕ್ಕಳನ್ನು ಬೆಳೆಸುವ ಪ್ರತಿಯೊಂದು ಮನೆಗೂ ಉಪಯುಕ್ತವೆಂದು ಭಾವಿಸಿ ಈ ಬರಹವನ್ನು ಓದುಗರ ಮುಂದಿಡುತ್ತಿದ್ದೇವೆ.

ಗಾಬರಿಯ ದಿನಗಳು

1972ರಲ್ಲಿ ಅಟಾರಿ ಕಂಪೆನಿಯ 'ಪಾಂಗ್' ಎಂಬ ಆಟ ಅಮೆರಿಕದಲ್ಲಿ ಬಳಕೆಗೆ ಬಂತು. ಪರದೆಯ ಎರಡು ಬದಿಗಳಲ್ಲಿ ಎರಡು ಗೆರೆಗಳು, ನಡುವೆ ಪುಟಿಯುವ ಒಂದು ಚುಕ್ಕೆ. ಇಷ್ಟೇ ಆ ಆಟ. 1978ರಲ್ಲಿ ಜಪಾನಿನ ಟೈಟೋ ಕಂಪೆನಿ 'ಸ್ಪೇಸ್ ಇನ್ವೇಡರ್ಸ್' ಆಟವನ್ನು ಹೊರತಂದಾಗ ಪರಿಸ್ಥಿತಿ ಬದಲಾಯಿತು. ಮೇಲಿನಿಂದ ಸಾಲುಸಾಲಾಗಿ ಇಳಿದು ಬರುವ ಶತ್ರುಗಳಿಗೆ ಗುಂಡಿಕ್ಕುವ ಈ ಆಟಕ್ಕೆ ಕೊನೆಯೆಂಬುದೇ ಇರಲಿಲ್ಲ. ಸೋಲುವವರೆಗೆ ಆಡಬೇಕು, ಸೋತರೆ ಇನ್ನೊಂದು ನಾಣ್ಯ ಹಾಕಬೇಕು. ಹುಡುಗರು ಶಾಲೆ ತಪ್ಪಿಸಿ, ಮನೆಯಿಂದ ಹಣ ಕದ್ದು ಆಟದ ಯಂತ್ರಗಳ ಮುಂದೆ ನಿಲ್ಲುತ್ತಿದ್ದಾರೆ ಎಂಬ ದೂರುಗಳು ಹಲವು ದೇಶಗಳಿಂದ ಕೇಳಿಬಂದವು.

1981ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸಂಸದ ಜಾರ್ಜ್ ಫೌಲ್ಕ್ಸ್ ಅವರು ಇಂತಹ ಯಂತ್ರಗಳ ನಿಯಂತ್ರಣವನ್ನು ಸ್ಥಳೀಯ ಆಡಳಿತಕ್ಕೆ ಒಪ್ಪಿಸುವ ಮಸೂದೆಯೊಂದನ್ನು ಸಂಸತ್ತಿನ ಮುಂದಿಟ್ಟರು. 94 ಮಂದಿ ಅದರ ಪರವಾಗಿಯೂ 114 ಮಂದಿ ವಿರುದ್ಧವಾಗಿಯೂ ಮತ ನೀಡಿದರು. ಕೇವಲ ಇಪ್ಪತ್ತು ಮತಗಳ ಅಂತರದಿಂದ ಮಸೂದೆ ಬಿದ್ದುಹೋಯಿತು. ಅದೇ ವರ್ಷದ ನವೆಂಬರಿನಲ್ಲಿ ಫಿಲಿಪ್ಪೀನ್ಸ್ ಅಧ್ಯಕ್ಷ ಮಾರ್ಕೋಸ್ ಅವರು ವಿಡಿಯೋ ಗೇಮ್ ಯಂತ್ರಗಳನ್ನು ದೇಶದಲ್ಲೆಲ್ಲ ನಿಷೇಧಿಸಿಬಿಟ್ಟರು.

ಮರುವರ್ಷದ ಒಂದು ಪ್ರಸಂಗವಂತೂ ಬಹಳ ಬೋಧಪ್ರದವಾಗಿದೆ. 1982ರ ನವೆಂಬರಿನಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ಕುರಿತು ಸರಕಾರದ ಪರವಾಗಿ ಮಾತನಾಡುವ ಹಿರಿಯ ವೈದ್ಯಾಧಿಕಾರಿ ಸಿ. ಎವರೆಟ್ ಕೂಪ್ ಅವರು, ಮಕ್ಕಳು ದೇಹ ಮತ್ತು ಆತ್ಮ ಎರಡನ್ನೂ ಈ ಆಟಗಳಿಗೆ ಒಪ್ಪಿಸಿಬಿಡುತ್ತಿದ್ದಾರೆ ಎಂಬರ್ಥದಲ್ಲಿ ಮಾತನಾಡಿದರು. ಪತ್ರಿಕೆಗಳು ಅದನ್ನು ದೊಡ್ಡದಾಗಿ ಪ್ರಕಟಿಸಿದವು. ಆದರೆ ಮರುದಿನವೇ ಕೂಪ್ ಅವರು, ತಮ್ಮ ಮಾತಿಗೆ ವೈಜ್ಞಾನಿಕ ಪುರಾವೆಯ ಆಧಾರವಿರಲಿಲ್ಲವೆಂದು ಸ್ಪಷ್ಟೀಕರಣ ನೀಡಬೇಕಾಯಿತು. ಹೇಳಿಕೆ ಊರೆಲ್ಲ ಹಬ್ಬಿತು. ಸ್ಪಷ್ಟೀಕರಣ ಅಷ್ಟು ದೂರ ಹೋಗಲಿಲ್ಲ. ವದಂತಿಗೂ ವಿವರಣೆಗೂ ಇರುವ ಈ ವೇಗದ ವ್ಯತ್ಯಾಸವನ್ನು ಇಂದಿನ ವಾಟ್ಸ್‌ಆ್ಯಪ್ ಕಾಲದಲ್ಲಿ ನಾವು ದಿನನಿತ್ಯ ಕಾಣುತ್ತಿದ್ದೇವೆ.

'ಚಟ' ಎಂಬ ಪದದ ಹುಡುಕಾಟ

ಅದೇ 1982ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 'ಸ್ಪೇಸ್ ಇನ್ವೇಡರ್ಸ್' ಗೀಳಿನ ಬಗ್ಗೆ ವೈದ್ಯರ ಪುಟ್ಟ ಬರಹವೊಂದು ಪ್ರಕಟವಾಯಿತು. ಹೀಗೆ ಬೀದಿಯ ಚರ್ಚೆ ವೈದ್ಯಕೀಯದ ಅಂಗಳವನ್ನು ಪ್ರವೇಶಿಸಿತು. ಆದರೆ ಅಲ್ಲೊಂದು ಮೂಲಭೂತ ಪ್ರಶ್ನೆ ಎದುರಾಯಿತು. ಮದ್ಯ, ಅಫೀಮು, ತಂಬಾಕುಗಳಲ್ಲಿ ದೇಹದೊಳಗೆ ಹೋಗುವ ಒಂದು ವಸ್ತುವಿದೆ. ಆಟದಲ್ಲಿ ಅಂತಹ ವಸ್ತುವೇನೂ ಇಲ್ಲ. ಹಾಗಿರುವಾಗ ಅದನ್ನು ಚಟವೆಂದು ಕರೆಯುವುದು ಸರಿಯೇ?

1989ರಲ್ಲಿ ಬ್ರಿಟನ್ನಿನ ಮಾರ್ಗರೆಟ್ ಶಾಟನ್ ಅವರು ಕಂಪ್ಯೂಟರಿಗೆ ಅಂಟಿಕೊಂಡವರ ಬಗ್ಗೆ ನಡೆಸಿದ ಅಧ್ಯಯನವನ್ನು ಪುಸ್ತಕವಾಗಿ ಹೊರತಂದರು. ಹಾಳಾಗಿ ಹೋದ ಬದುಕುಗಳನ್ನು ನಿರೀಕ್ಷಿಸಿದವರಿಗೆ ಅಲ್ಲಿ ಕಂಡದ್ದು ಬೇರೆಯೇ ಚಿತ್ರ. ಅವರಲ್ಲಿ ಅನೇಕರು ಬುದ್ಧಿವಂತರು, ಸಂಕೋಚ ಸ್ವಭಾವದವರು, ಜನರೊಡನೆ ಬೆರೆಯಲು ಮೊದಲಿನಿಂದಲೂ ಹಿಂಜರಿಯುತ್ತಿದ್ದವರು. ಕಂಪ್ಯೂಟರ್ ಅವರ ಪಾಲಿಗೆ ಕೇಡಾಗುವ ಬದಲು ಆಸರೆಯಾಗಿತ್ತು.

1995ರಲ್ಲಿ ವಿಚಿತ್ರವಾದ ಘಟನೆಯೊಂದು ನಡೆಯಿತು. ನ್ಯೂಯಾರ್ಕಿನ ಮನೋವೈದ್ಯ ಐವಾನ್ ಗೋಲ್ಡ್‌ಬರ್ಗ್ ಅವರು ಮನೋರೋಗಗಳ ಅಧಿಕೃತ ಕೈಪಿಡಿಯ ಶೈಲಿಯನ್ನು ಅಣಕಿಸಲೆಂದು 'ಇಂಟರ್ನೆಟ್ ಚಟದ ಕಾಯಿಲೆ' ಎಂಬ ಹೆಸರನ್ನು ಹುಟ್ಟುಹಾಕಿ, ಅದರ ಲಕ್ಷಣಗಳನ್ನು ತಮಾಷೆಗಾಗಿ ಪಟ್ಟಿ ಮಾಡಿದರು. ಆದರೆ ಅದನ್ನು ಓದಿದ ಹಲವರು ನಗಲಿಲ್ಲ; ತಮಗೂ ಈ ಕಾಯಿಲೆ ಇದೆಯೆಂದು ಹೇಳಿಕೊಂಡರು. ಮರುವರ್ಷ, 1996ರಲ್ಲಿ, ಕಿಂಬರ್ಲಿ ಯಂಗ್ ಎಂಬ ಮನಃಶಾಸ್ತ್ರಜ್ಞೆ ಜೂಜಿನ ಗೀಳನ್ನು ಗುರುತಿಸುವ ಮಾನದಂಡಗಳನ್ನೇ ಮಾದರಿಯಾಗಿಟ್ಟುಕೊಂಡು ಇಂಟರ್ನೆಟ್ ಚಟವನ್ನು ಗಂಭೀರವಾಗಿ ಅಧ್ಯಯನ ಮಾಡತೊಡಗಿದರು.

ಬ್ರಿಟನ್ನಿನ ಮಾರ್ಕ್ ಗ್ರಿಫಿತ್ಸ್ ಅವರು ಯಾವುದೇ ಚಟದಲ್ಲಿ ಆರು ಅಂಶಗಳು ಇರಬೇಕೆಂದು ವಾದಿಸಿದರು. ಆ ಒಂದು ಕೆಲಸವೇ ಬದುಕಿನ ಕೇಂದ್ರವಾಗುವುದು, ಮನಸ್ಸಿನ ಭಾವವನ್ನು ಬದಲಿಸಿಕೊಳ್ಳಲು ಅದನ್ನೇ ಆಶ್ರಯಿಸುವುದು, ಮೊದಲಿನಷ್ಟೇ ತೃಪ್ತಿಗೆ ಹೆಚ್ಚು ಹೆಚ್ಚು ಬೇಕಾಗುವುದು, ಸಿಗದಿದ್ದಾಗ ಚಡಪಡಿಕೆ, ಮನೆಮಂದಿಯೊಡನೆ ಮತ್ತು ತನ್ನೊಳಗೆ ತಾನೇ ಸಂಘರ್ಷ, ಬಿಟ್ಟ ಮೇಲೆ ಮತ್ತೆ ಅದಕ್ಕೇ ಮರಳುವುದು. ಬಹಳ ಹೊತ್ತು ಆಡುವ ಎಲ್ಲರಲ್ಲೂ ಇವೆಲ್ಲ ಇರುವುದಿಲ್ಲ ಎಂಬುದನ್ನು ಅವರು ಒತ್ತಿ ಹೇಳುತ್ತಾ ಬಂದಿದ್ದಾರೆ.

ಮೆದುಳಿನೊಳಗೆ ಇಣುಕಿದಾಗ

1998ರಲ್ಲಿ ಲಂಡನ್ನಿನ ಸಂಶೋಧಕರ ತಂಡವೊಂದು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಪ್ರಸಿದ್ಧವಾಯಿತು. ಎಂಟು ಮಂದಿ ಗಂಡಸರಿಗೆ ಪರದೆಯ ಮೇಲೆ ಟ್ಯಾಂಕ್ ಓಡಿಸುವ ಆಟವೊಂದನ್ನು ಕೊಟ್ಟು, ಅವರು ಆಡುತ್ತಿರುವಾಗಲೇ ಮೆದುಳನ್ನು ಪಿಇಟಿ ಸ್ಕ್ಯಾನ್ ಮಾಡಲಾಯಿತು. ಮುಂದಿನ ಹಂತ ತಲುಪಿದಂತೆಲ್ಲ ಅವರಿಗೆ ಹಣದ ಬಹುಮಾನವಿತ್ತು. ಆಟದ ವೇಳೆ ಮೆದುಳಿನ ಸ್ಟ್ರಯಾಟಮ್ ಎಂಬ ಭಾಗದಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಬಿಡುಗಡೆ ಹೆಚ್ಚಿದ್ದು ಕಂಡುಬಂತು.

ಈ ಶೋಧವನ್ನು ಹಿಡಿದುಕೊಂಡು 'ವಿಡಿಯೋ ಗೇಮ್ ಎಂದರೆ ಡಿಜಿಟಲ್ ಮಾದಕದ್ರವ್ಯ' ಎಂದು ಹೇಳುವ ಭಾಷಣಗಳನ್ನು ನಾವೆಲ್ಲ ಕೇಳಿದ್ದೇವೆ. ಸತ್ಯ ಅಷ್ಟು ಸರಳವಲ್ಲ. ರುಚಿಯಾದ ಊಟ ಮಾಡುವಾಗ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬರುವ ನಿರೀಕ್ಷೆಯಲ್ಲಿರುವಾಗ, ಪ್ರೀತಿಪಾತ್ರರನ್ನು ಕಾಣುವಾಗಲೂ ಮೆದುಳಿನ ಇದೇ ವ್ಯವಸ್ಥೆ ಕೆಲಸ ಮಾಡುತ್ತದೆ. ಡೋಪಮೈನ್ ಬಿಡುಗಡೆಯಾಯಿತು ಎಂಬುದರಿಂದಲೇ ಅದು ಚಟವೆಂದು ಸಾಬೀತಾಗುವುದಿಲ್ಲ. ಎಂಟು ಮಂದಿಯ ಮೇಲಿನ ಪ್ರಯೋಗವು ಕೋಟ್ಯಂತರ ಮಕ್ಕಳ ಮೇಲಿನ ತೀರ್ಪಾಗಲಾರದು.

ಆದರೂ ಆಟಗಳು ಮನಸ್ಸನ್ನು ಹಿಡಿದಿಡುವ ರೀತಿ ಆಕಸ್ಮಿಕವಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಮತ್ತು ಸಂಗಡಿಗರು 1950ರ ದಶಕದಲ್ಲಿ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ಇದಕ್ಕೆ ವಿವರಣೆ ನೀಡುತ್ತವೆ. ಪ್ರತಿ ಸಲ ಕುಕ್ಕಿದಾಗಲೂ ಕಾಳು ಸಿಕ್ಕರೆ, ಕಾಳು ನಿಂತ ಬಳಿಕ ಪಾರಿವಾಳ ಬೇಗನೆ ಕುಕ್ಕುವುದನ್ನು ಬಿಡುತ್ತದೆ. ಯಾವಾಗ ಸಿಗುತ್ತದೆ ಎಂದು ಗೊತ್ತಿಲ್ಲದಂತೆ ಆಗೊಮ್ಮೆ ಈಗೊಮ್ಮೆ ಸಿಗುವಂತಿದ್ದರೆ ಅದು ಬಹಳ ಕಾಲ ಕುಕ್ಕುತ್ತಲೇ ಇರುತ್ತದೆ. ಜೂಜಿನ ಯಂತ್ರದ ಗುಟ್ಟು ಇದೇ. ಇಂದಿನ ಅನೇಕ ಆಟಗಳಲ್ಲಿ ಹಣ ತೆತ್ತು ತೆರೆಯಬೇಕಾದ 'ಲೂಟ್ ಬಾಕ್ಸ್' ಎಂಬ ಪೆಟ್ಟಿಗೆಗಳ ಗುಟ್ಟೂ ಇದೇ. ಒಳಗೇನಿದೆ ಎಂದು ತಿಳಿಯದೆ ಹಣ ಕಟ್ಟುವ ಈ ಏರ್ಪಾಡು ಜೂಜಿನ ಕಾನೂನನ್ನು ಉಲ್ಲಂಘಿಸುತ್ತದೆಂದು 2018ರಲ್ಲಿ ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗವು ತೀರ್ಮಾನಿಸಿತು. ಇಂತಹ ಪೆಟ್ಟಿಗೆಗಳಿಗೆ ಹೆಚ್ಚು ಹಣ ಸುರಿಯುವವರಲ್ಲಿ ಜೂಜಿನ ತೊಂದರೆಯೂ ಹೆಚ್ಚಾಗಿ ಕಂಡುಬರುತ್ತದೆ ಎಂಬುದನ್ನು ಅದೇ ವರ್ಷದಿಂದೀಚೆಗೆ ಹಲವು ಅಧ್ಯಯನಗಳು ತೋರಿಸಿವೆ.

ಇನ್ನೊಂದು ಮಗ್ಗುಲನ್ನೂ ಮರೆಮಾಚಬಾರದು. 2003ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾನಿಲಯದ ಗ್ರೀನ್ ಮತ್ತು ಬವೆಲಿಯರ್ ಅವರು, ವೇಗದ ಸಾಹಸ ಆಟಗಳನ್ನು ಆಡುವವರಲ್ಲಿ ಕಣ್ಣಿನ ಅವಧಾನ ಚುರುಕಾಗಿರುತ್ತದೆ ಎಂದು ತೋರಿಸಿದರು. ಆಡಿ ಅಭ್ಯಾಸವಿಲ್ಲದವರಿಗೆ ದಿನಕ್ಕೆ ಒಂದು ಗಂಟೆಯಂತೆ ಹತ್ತು ದಿನ ಆಡಿಸಿದಾಗಲೂ ಸುಧಾರಣೆ ಕಂಡಿತು. 2020ರಲ್ಲಂತೂ ಅವಧಾನದ ಕೊರತೆಯಿರುವ 8ರಿಂದ 12 ವರ್ಷದ ಮಕ್ಕಳ ಚಿಕಿತ್ಸೆಗಾಗಿ ವೈದ್ಯರ ಚೀಟಿಯ ಮೇಲೆ ಕೊಡಬಹುದಾದ ಒಂದು ವಿಡಿಯೋ ಗೇಮ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ನೀಡಿತು.

ಹಿಂಸೆಯ ವಿವಾದ

1999ರಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಹತ್ಯಾಕಾಂಡ ನಡೆಸಿದ ಬಳಿಕ ಅವರು ಆಡುತ್ತಿದ್ದ ಗುಂಡಿಕ್ಕುವ ಆಟಗಳ ಮೇಲೆ ಎಲ್ಲರ ಕಣ್ಣು ಬಿತ್ತು. 2001ರಲ್ಲಿ ಆಂಡರ್ಸನ್ ಮತ್ತು ಬುಷ್‌ಮನ್ ಅವರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ, ಹಿಂಸಾತ್ಮಕ ಆಟಗಳು ಆಕ್ರಮಣಶೀಲತೆಯನ್ನು ಹೆಚ್ಚಿಸುತ್ತವೆ ಎಂಬ ತೀರ್ಮಾನಕ್ಕೆ ಬಂದರು. ಇತರ ಸಂಶೋಧಕರು ಅಳತೆಯ ವಿಧಾನಗಳನ್ನೇ ಪ್ರಶ್ನಿಸಿದರು. ಪ್ರಯೋಗಾಲಯದಲ್ಲಿ ಗುಂಡಿಯೊತ್ತಿ ಎದುರಾಳಿಗೆ ಕರ್ಕಶ ಶಬ್ದ ಕೇಳಿಸುವುದಕ್ಕೂ ನಿಜಜೀವನದ ಹಿಂಸೆಗೂ ಅಜಗಜಾಂತರವಿದೆ ಎಂಬುದು ಅವರ ವಾದವಾಗಿತ್ತು. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಮಕ್ಕಳಿಗೆ ಹಿಂಸಾತ್ಮಕ ಆಟಗಳನ್ನು ಮಾರುವುದನ್ನು ನಿಷೇಧಿಸಿದ್ದ ಕ್ಯಾಲಿಫೋರ್ನಿಯಾದ ಕಾನೂನನ್ನು ರದ್ದುಪಡಿಸಿತು. 2019ರಲ್ಲಿ ಆಕ್ಸ್‌ಫರ್ಡಿನ ಆಂಡ್ರ್ಯೂ ಷಿಬಿಲ್ಸ್ಕಿ ಮತ್ತು ಸಹಸಂಶೋಧಕಿ ನೆಟ್ಟಾ ವೈನ್‌ಸ್ಟೈನ್ ಅವರು ಸುಮಾರು ಒಂದು ಸಾವಿರ ಬ್ರಿಟಿಷ್ ಹದಿಹರೆಯದವರನ್ನು ಅಧ್ಯಯನಕ್ಕೆ ಒಳಪಡಿಸಿ, ಇಂತಹ ಆಟಗಳಿಗೂ ಆಕ್ರಮಣಶೀಲ ವರ್ತನೆಗೂ ಸಂಬಂಧ ಕಾಣಲಿಲ್ಲವೆಂದು ವರದಿ ಮಾಡಿದರು. ಹಾಗೆಂದು ಎಳೆಯ ಮಗುವಿನ ಕಣ್ಣೆದುರು ರಕ್ತಪಾತದ ದೃಶ್ಯಗಳು ಇರಬಹುದೆಂದು ಇದರರ್ಥವಲ್ಲ. ಅದು ನಮ್ಮ ಸಂಸ್ಕಾರದ ಪ್ರಶ್ನೆ. ಆದರೆ ಸಂಸ್ಕಾರದ ಪ್ರಶ್ನೆಗೆ ಇಲ್ಲದ ಪುರಾವೆಯ ಊರುಗೋಲು ಕೊಡುವುದು ತಪ್ಪು.

ಎಷ್ಟು ಮಂದಿಗೆ ಈ ತೊಂದರೆ?

2009ರಲ್ಲಿ ಅಮೆರಿಕದ ಡಗ್ಲಸ್ ಜೆಂಟೈಲ್ ಅವರು 8ರಿಂದ 18 ವರ್ಷದ 1,178 ಮಂದಿಯ ಸಮೀಕ್ಷೆಯನ್ನು ವಿಶ್ಲೇಷಿಸಿ, ಆಡುವ ಮಕ್ಕಳಲ್ಲಿ ಶೇಕಡಾ 8ರಷ್ಟು ಮಂದಿಯಲ್ಲಿ ರೋಗಸ್ವರೂಪದ ಆಟವಿದೆಯೆಂದು ಹೇಳಿದರು. 2017ರಲ್ಲಿ ಷಿಬಿಲ್ಸ್ಕಿ ಮತ್ತು ಸಹಸಂಶೋಧಕರು ಅಮೆರಿಕ, ಬ್ರಿಟನ್, ಕೆನಡಾ ಹಾಗೂ ಜರ್ಮನಿಯ 18,932 ವಯಸ್ಕರನ್ನು ಪ್ರಶ್ನಿಸಿದಾಗ, ಕಾಯಿಲೆಯ ಮಾನದಂಡಕ್ಕೆ ಹೊಂದಬಹುದಾದವರು ಶೇಕಡಾ 0.3ರಿಂದ 1ರಷ್ಟು ಮಾತ್ರ ಎಂದು ಕಂಡುಬಂತು. ಇಷ್ಟೊಂದು ಅಂತರವೇಕೆ? ಪ್ರಶ್ನಿಸಲ್ಪಟ್ಟವರ ವಯಸ್ಸು ಬೇರೆ, ಕೇಳಿದ ಪ್ರಶ್ನೆಗಳು ಬೇರೆ, ಕಾಯಿಲೆಯೆನ್ನಲು ಎಳೆದ ಗೆರೆಯೂ ಬೇರೆ. 'ನಿಮ್ಮ ಮನಸ್ಸಿನಲ್ಲಿ ಸದಾ ಆಟದ ಯೋಚನೆಯಿದೆಯೇ' ಎಂದು ಕೇಳಿದರೆ ಕ್ರಿಕೆಟ್ ಹುಚ್ಚಿನ ಯಾವ ಹುಡುಗ ತಾನೇ ಇಲ್ಲವೆಂದಾನು? ಅಳತೆಗೋಲು ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ.

ಇದಕ್ಕಿಂತಲೂ ನಮ್ಮ ಗಮನ ಸೆಳೆದದ್ದು 2011ರಲ್ಲಿ ಪ್ರಕಟವಾದ ಸಿಂಗಾಪುರದ ಅಧ್ಯಯನ. ಅಲ್ಲಿನ 3,034 ಶಾಲಾ ಮಕ್ಕಳನ್ನು ಎರಡು ವರ್ಷ ಗಮನಿಸಲಾಯಿತು. ಮನಸ್ಸಿಗೆ ಬಂದದ್ದನ್ನು ತಡೆಹಿಡಿಯಲಾಗದ ದುಡುಕು ಸ್ವಭಾವದ ಮಕ್ಕಳು, ಇತರರೊಡನೆ ಬೆರೆಯಲು ಕಷ್ಟಪಡುವ ಮಕ್ಕಳು ಮತ್ತು ಹೆಚ್ಚು ಹೊತ್ತು ಆಡುವ ಮಕ್ಕಳು ಸಮಸ್ಯೆಗೆ ಸಿಲುಕುವ ಸಾಧ್ಯತೆ ಹೆಚ್ಚು ಎಂದು ತಿಳಿದುಬಂತು. ಸಿಲುಕಿದ ಬಳಿಕ ಖಿನ್ನತೆ, ಆತಂಕ ಮತ್ತು ಓದಿನಲ್ಲಿ ಹಿನ್ನಡೆ ಕಾಣಿಸಿಕೊಂಡಿತು. ಮೊದಲ ವರ್ಷ ಸಮಸ್ಯೆಯಿದ್ದವರಲ್ಲಿ ಶೇಕಡಾ 84ರಷ್ಟು ಮಂದಿಯಲ್ಲಿ ಎರಡು ವರ್ಷಗಳ ಬಳಿಕವೂ ಅದು ಉಳಿದಿತ್ತು. ಆದರೆ ಕೆನಡಾದಲ್ಲಿ ವಯಸ್ಕರನ್ನು ಐದು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವು, ಆಟವೂ ಸೇರಿದಂತೆ ಹಲವು ಗೀಳುಗಳು ಬಹುತೇಕ ಮಂದಿಯಲ್ಲಿ ಬಂದು ಹೋಗುವಂತಹವು ಎಂದಿತು. ವಿದ್ವಾಂಸರ ನಡುವಿನ ಈ ಭಿನ್ನಾಭಿಪ್ರಾಯ ಇಂದಿಗೂ ಪೂರ್ತಿ ಬಗೆಹರಿದಿಲ್ಲ.

ಹೆಸರು ಸಿಕ್ಕ ಕಾಯಿಲೆ

2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯ ಐದನೆಯ ಆವೃತ್ತಿಯನ್ನು ಹೊರತಂದಾಗ, ಜೂಜಿನ ಗೀಳನ್ನು ಮಾದಕವಸ್ತುಗಳ ಚಟದೊಂದಿಗೆ ಒಂದೇ ಅಧ್ಯಾಯದಲ್ಲಿ ಸೇರಿಸಿತು. ವಸ್ತುವಿಲ್ಲದೆಯೂ ಚಟವಿರಬಹುದು ಎಂಬುದಕ್ಕೆ ಹೀಗೆ ಮನ್ನಣೆ ದೊರೆಯಿತು. ಇಂಟರ್ನೆಟ್ ಆಟದ ಕಾಯಿಲೆಯನ್ನು ಮಾತ್ರ 'ಇನ್ನಷ್ಟು ಅಧ್ಯಯನ ಬೇಕಾದ' ವಿಭಾಗದಲ್ಲಿರಿಸಿ, ಒಂಬತ್ತು ಲಕ್ಷಣಗಳನ್ನು ಪಟ್ಟಿ ಮಾಡಿ, ಒಂದು ವರ್ಷದ ಅವಧಿಯಲ್ಲಿ ಅವುಗಳಲ್ಲಿ ಐದಾದರೂ ಇರಬೇಕೆಂದು ಸೂಚಿಸಿತು. ಕಾಫಿ, ಚಹಾಗಳಲ್ಲಿರುವ ಕೆಫೀನ್ ಬಳಕೆಯ ತೊಂದರೆಯೂ ಅದೇ ವಿಭಾಗದಲ್ಲಿದೆ ಎಂಬುದನ್ನು ದಿನಕ್ಕೆ ನಾಲ್ಕು ಲೋಟ ಚಹಾ ಕುಡಿಯುವ ನಾವು ನೆನಪಿಡುವುದು ಒಳ್ಳೆಯದು!

ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 2018ರಲ್ಲಿ ಪ್ರಕಟಿಸಿದ ಕಾಯಿಲೆಗಳ ಅಂತಾರಾಷ್ಟ್ರೀಯ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಗೇಮಿಂಗ್ ಕಾಯಿಲೆಯನ್ನು ಸೇರಿಸಿತು. 2019ರ ಮೇ ತಿಂಗಳಲ್ಲಿ ಸದಸ್ಯ ರಾಷ್ಟ್ರಗಳು ಅದನ್ನು ಅಂಗೀಕರಿಸಿದವು; 2022ರ ಜನವರಿ 1ರಂದು ಅದು ಜಾರಿಗೆ ಬಂತು. ಅದರ ಪ್ರಕಾರ ಮೂರು ಲಕ್ಷಣಗಳಿರಬೇಕು. ಒಂದು, ಯಾವಾಗ ಆರಂಭಿಸಬೇಕು, ಎಷ್ಟು ಹೊತ್ತು ಆಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದರ ಮೇಲೆ ಹಿಡಿತ ತಪ್ಪುವುದು. ಎರಡು, ಬದುಕಿನ ಉಳಿದ ಆಸಕ್ತಿ ಮತ್ತು ದಿನನಿತ್ಯದ ಕೆಲಸಗಳನ್ನು ಹಿಂದಿಕ್ಕಿ ಆಟವೇ ಮುಖ್ಯವಾಗುವುದು. ಮೂರು, ಕೇಡು ಕಣ್ಣಿಗೆ ಕಂಡರೂ ಆಟ ಮುಂದುವರಿಯುವುದು ಅಥವಾ ಹೆಚ್ಚುವುದು. ಇದರಿಂದ ಮನೆ, ಓದು, ದುಡಿಮೆ, ಸಂಬಂಧಗಳಿಗೆ ಗಣನೀಯ ಹಾನಿಯಾಗಿರಬೇಕು. ಸಾಮಾನ್ಯವಾಗಿ ಇದು ಹನ್ನೆರಡು ತಿಂಗಳಾದರೂ ಕಂಡುಬಂದಿರಬೇಕು.

ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಈ ವ್ಯಾಖ್ಯಾನದಲ್ಲಿ ಗಂಟೆಗಳ ಲೆಕ್ಕವೇ ಇಲ್ಲ. ರಜಾದಿನದಲ್ಲಿ ನಾಲ್ಕು ಗಂಟೆ ಆಡಿ, ಕರೆದಾಗ ಎದ್ದು ಬಂದು ಊಟ ಮಾಡಿ, ಪಾಠ ಓದುವ ಮಗು ರೋಗಿಯಲ್ಲ. ಎರಡೇ ಗಂಟೆ ಆಡಿದರೂ, ಅದಕ್ಕಾಗಿ ಸುಳ್ಳು ಹೇಳಿ, ನಿದ್ದೆಗೆಟ್ಟು, ಗೆಳೆಯರನ್ನು ತೊರೆದು, ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದೆ ಒದ್ದಾಡುವ ಮಗುವಿಗೆ ನೆರವು ಬೇಕಾಗಿದೆ.

ಕಾನೂನಿನ ಬೀಗ

ದಕ್ಷಿಣ ಕೊರಿಯಾದಲ್ಲಿ 2002ರಲ್ಲಿ ಯುವಕನೊಬ್ಬ ಗೇಮ್ ಕೇಂದ್ರದಲ್ಲಿ 86 ಗಂಟೆಗಳ ಕಾಲ ಆಡಿ ಮರಣ ಹೊಂದಿದ ಸುದ್ದಿ ಜಗತ್ತನ್ನೇ ಬೆಚ್ಚಿಬೀಳಿಸಿತು. 2011ರಲ್ಲಿ ಆ ದೇಶ, 16 ವರ್ಷದೊಳಗಿನ ಮಕ್ಕಳು ಮಧ್ಯರಾತ್ರಿಯಿಂದ ಬೆಳಗಿನ 6ರವರೆಗೆ ಆನ್‌ಲೈನ್ ಆಟ ಆಡದಂತೆ ಕಾನೂನು ತಂದಿತು. ಮಕ್ಕಳು ಹೆತ್ತವರ ಗುರುತಿನ ಸಂಖ್ಯೆ ಬಳಸಿ ಒಳನುಗ್ಗಿದರು. ಕಾನೂನಿನ ವ್ಯಾಪ್ತಿಗೆ ಬಾರದ ಮೊಬೈಲ್ ಆಟಗಳ ಕಡೆಗೆ ಹೊರಳಿದರು. ಹತ್ತು ವರ್ಷಗಳ ಬಳಿಕ ಆ ಕಾನೂನನ್ನು ಕೈಬಿಡಲಾಯಿತು. ವಿಶೇಷವೆಂದರೆ, ಅದು ರದ್ದಾದದ್ದೂ 2022ರ ಜನವರಿ 1ರಂದೇ. ಜಗತ್ತು ಕಾಯಿಲೆಗೆ ಹೆಸರಿಟ್ಟ ದಿನವೇ ಕೊರಿಯಾ ತನ್ನ ಬೀಗವನ್ನು ತೆಗೆಯಿತು.

ಚೀನಾ 2021ರಲ್ಲಿ ಇನ್ನೂ ಬಿಗಿಯಾದ ನಿಯಮ ತಂದು, ಮಕ್ಕಳು ಶುಕ್ರವಾರ, ಶನಿವಾರ, ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳಂದು ರಾತ್ರಿ 8ರಿಂದ 9ರವರೆಗೆ ಮಾತ್ರ ಆನ್‌ಲೈನ್ ಆಟ ಆಡಬಹುದೆಂದಿತು. ಅದಕ್ಕೂ ಮುಂಚಿನ 2019ರ ನಿರ್ಬಂಧದ ಪರಿಣಾಮವನ್ನು, 700 ಕೋಟಿಗೂ ಮಿಕ್ಕಿದ ಗಂಟೆಗಳ ಆಟದ ದಾಖಲೆ ಮುಂದಿಟ್ಟುಕೊಂಡು ಪರಿಶೀಲಿಸಿದ ಸಂಶೋಧಕರು, ಅತಿಯಾಗಿ ಆಡುವುದು ಕಡಿಮೆಯಾದದ್ದಕ್ಕೆ ಪುರಾವೆ ಸಿಗಲಿಲ್ಲವೆಂದು 2023ರಲ್ಲಿ ಪ್ರಕಟಿಸಿದರು.

ನಮ್ಮ ದೇಶದಲ್ಲಿ 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ನಿಷೇಧಗೊಂಡಿತು. ಅದಕ್ಕೆ ನೀಡಿದ ಕಾರಣ ದೇಶದ ಭದ್ರತೆಯೇ ಹೊರತು ಚಟವಲ್ಲ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನಿನ ಮೂಲಕ ನಿಷೇಧಿಸಿತು. ಚಿಕಿತ್ಸೆಯ ವಿಷಯದಲ್ಲಿ ಕನ್ನಡಿಗರು ತಿಳಿದಿರಬೇಕಾದ ಸಂಗತಿಯೊಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಂತ್ರಜ್ಞಾನದ ಅತಿಬಳಕೆಯಿಂದ ತೊಂದರೆಗೊಳಗಾದವರಿಗಾಗಿ 2014ರಿಂದಲೇ 'ಶಟ್ ಕ್ಲಿನಿಕ್' ಎಂಬ ವಿಶೇಷ ವಿಭಾಗ ಕಾರ್ಯನಿರ್ವಹಿಸುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗೆ ಹೆಸರಿಡುವ ಮೊದಲೇ ನಮ್ಮ ನಾಡಿನಲ್ಲಿ ಅದಕ್ಕೆ ಬಾಗಿಲು ತೆರೆದಿತ್ತು. ಮಗುವನ್ನು ಅಲ್ಲಿಗೆ ಅಥವಾ ಹತ್ತಿರದ ಮನೋವೈದ್ಯರ ಬಳಿಗೆ ಕರೆದೊಯ್ಯುವುದು ನಾಚಿಕೆಯ ವಿಷಯವಲ್ಲ.

ಈ ಇತಿಹಾಸ ಕಲಿಸಿದ ಪಾಠ

ಆಟದ ಕುರಿತ ಚರ್ಚೆ ನಮ್ಮ ಪರಂಪರೆಗೂ ಹೊಸತಲ್ಲ. ಅಬ್ಬಾಸಿಯಾ ಕಾಲದಲ್ಲಿ ಅಲ್ ಅದ್‌ಲಿ, ಅಸ್ಸೂಲಿಯಂತಹ ಪ್ರಸಿದ್ಧ ಆಟಗಾರರು ಶತ್ರಂಜ್ ಅಥವಾ ಚದುರಂಗದ ಬಗ್ಗೆ ಗ್ರಂಥಗಳನ್ನೇ ಬರೆದರು. ಅದರ ವಿಧಿಯ ಕುರಿತು ಕರ್ಮಶಾಸ್ತ್ರ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿತ್ತು. ಕೆಲವರು ಕಟ್ಟುನಿಟ್ಟಾಗಿ ತಡೆದರು. ಶಾಫಿಈ ಮದ್ಹಬಿನ ವಿದ್ವಾಂಸರು ಅದನ್ನು ಅನಪೇಕ್ಷಿತವೆಂದು ಪರಿಗಣಿಸಿದರೂ, ಪಣವಿದೆಯೇ, ನಮಾಝ್‌ನ ಸಮಯ ತಪ್ಪುತ್ತಿದೆಯೇ ಎಂಬ ಪ್ರಶ್ನೆಗಳನ್ನು ಮುಂದಿಟ್ಟರು. ಮಣೆಯ ಮೇಲೆ ಏನಿದೆ ಎಂಬುದರ ಜೊತೆಗೆ ಆ ಮಣೆ ಮನುಷ್ಯನಿಂದ ಏನನ್ನು ಕಸಿಯುತ್ತಿದೆ ಎಂಬುದನ್ನೂ ಅವರು ನೋಡಿದರು. ಇಂದಿನ ವೈದ್ಯರು ಕೇಳುವ ಪ್ರಶ್ನೆ ಅದಕ್ಕಿಂತ ಬಹಳ ದೂರವೇನಿಲ್ಲ.

ಆದ್ದರಿಂದ ಹೆತ್ತವರು ಗಡಿಯಾರ ನೋಡುವ ಮೊದಲು ಮಗುವನ್ನು ನೋಡಬೇಕು. ಅದು ಸರಿಯಾಗಿ ನಿದ್ರಿಸುತ್ತಿದೆಯೇ? ಗೆಳೆಯರಿದ್ದಾರೆಯೇ? ಮೊದಲು ಇಷ್ಟಪಡುತ್ತಿದ್ದ ಕೆಲಸಗಳನ್ನು ಕೈಬಿಟ್ಟಿದೆಯೇ? ಆಟದಲ್ಲಿ ಹಣ ವ್ಯಯವಾಗುತ್ತಿದೆಯೇ? ರಾತ್ರಿ ಮೊಬೈಲ್ ಮಲಗುವ ಕೋಣೆಯ ಹೊರಗಿರಲಿ, ಈ ನಿಯಮ ತಂದೆತಾಯಿಗೂ ಅನ್ವಯಿಸಲಿ. ಒಮ್ಮೆಯಾದರೂ ಮಗುವಿನ ಪಕ್ಕ ಕುಳಿತು, ಅದು ಏನನ್ನು ಆಡುತ್ತಿದೆ, ಯಾರೊಂದಿಗೆ ಆಡುತ್ತಿದೆ ಎಂದು ಕೇಳಿ ತಿಳಿಯಿರಿ.

ಕೊನೆಗೊಂದು ಮಾತು. ನಮ್ಮ ಸಲಹೆಯಂತೆ ಆ ತಾಯಿ ಮೊಬೈಲ್ ಕಸಿದುಕೊಂಡರು. ಹುಡುಗ ಮೂರು ದಿನ ಅತ್ತ. ಆಮೇಲೆ ಮನೆಯಲ್ಲಿ ಯಾರೊಡನೆಯೂ ಮಾತನಾಡದಾದ. ತಿಂಗಳುಗಳ ಬಳಿಕ ಒಂದು ದಿನ ತರಗತಿ ಮುಗಿದ ಮೇಲೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಿಸಿದೆವು. ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿದ ಮೇಲೆ ಅವನಿಗೆ ಪಾಠ ಅರ್ಥವಾಗುತ್ತಿರಲಿಲ್ಲ. ಸಹಪಾಠಿಗಳು ಅವನ ಉಚ್ಚಾರಣೆಯನ್ನು ಅಣಕಿಸುತ್ತಿದ್ದರು. "ಗೇಮಿನಲ್ಲಿ ಮಾತ್ರ ನಾನು ಗೆಲ್ಲುತ್ತಿದ್ದೆ ಉಸ್ತಾದ್" ಎಂದು ಅವನು ತಲೆತಗ್ಗಿಸಿ ಹೇಳಿದ. ಅವನು ಗೆಲ್ಲುತ್ತಿದ್ದ ಒಂದೇ ಜಾಗವನ್ನು ನಾವು ಮುಚ್ಚಿಸಿದ್ದೆವು. ಸೋಲುತ್ತಿದ್ದ ಜಾಗದ ಕಡೆಗೆ ಕಣ್ಣೆತ್ತಿಯೂ ನೋಡಿರಲಿಲ್ಲ. ಆ ಸಂಜೆಯಿಂದ ವಾರಕ್ಕೆರಡು ದಿನ ಅವನ ಪಾಠಗಳನ್ನು ಕನ್ನಡದಲ್ಲಿ ವಿವರಿಸಿ ಹೇಳತೊಡಗಿದೆವು. ಮೊಬೈಲನ್ನು ಅವನ ತಾಯಿ ಮರಳಿ ಕೊಟ್ಟರು. ಅವನು ಈಗಲೂ ಆಡುತ್ತಾನೆ. ಮಗ್ರಿಬ್‌ನ ಬಾಂಗ್ ಕೇಳಿದಾಗ ಎದ್ದು ಬರುತ್ತಾನೆ.